ಕ್ರಿಪ್ಟೋಕರೆನ್ಸಿ ವಹಿವಾಟಿನಲ್ಲಿ ಲಿವರೇಜ್ ಮತ್ತು ಅತಿವಹಿವಾಟು

ಕ್ರಿಪ್ಟೋಕರೆನ್ಸಿ ಮಾರುಕಟ್ಟೆಯಲ್ಲಿ ಲಿವರೇಜ್ ಎಂದರೆ, ವಹಿವಾಟುದಾರನು ತನ್ನಲ್ಲಿರುವ ಅಲ್ಪ ಹಣವನ್ನು ಠೇವಣಿಯಾಗಿಟ್ಟು ಅದರ ಹಲವು ಪಟ್ಟು ಮೌಲ್ಯದ ಖರೀದಿ ಅಥವಾ ಮಾರಾಟದ ಒಪ್ಪಂದ ಮಾಡಿಕೊಳ್ಳುವ ವ್ಯವಸ್ಥೆ. ಅತಿವಹಿವಾಟು ಅಥವಾ ಓವರ್‌ಟ್ರೇಡಿಂಗ್ ಎಂದರೆ, ತಕ್ಕ ಆಧಾರವಿಲ್ಲದೆ ಪದೇ ಪದೇ ಕೊಳ್ಳುವ, ಮಾರುವ ಪ್ರವೃತ್ತಿ. ಇವೆರಡೂ ಬೇರೆ ಬೇರೆ ಸಂಗತಿಗಳಾದರೂ ವಾಸ್ತವದಲ್ಲಿ ಒಂದನ್ನೊಂದು ಬೆಳೆಸುತ್ತವೆ. ಲಿವರೇಜ್ ಸಣ್ಣ ಏರಿಳಿತವನ್ನು ದೊಡ್ಡ ಲಾಭನಷ್ಟವಾಗಿ ತೋರಿಸುವುದರಿಂದ ವಹಿವಾಟು ನಡೆಸುವ ತವಕ ಹೆಚ್ಚುತ್ತದೆ. ವಹಿವಾಟು ಹೆಚ್ಚಿದಷ್ಟೂ ಶುಲ್ಕಗಳು ಮೂಲಧನವನ್ನು ಸವೆಸುತ್ತವೆ. ಸವೆದ ಮೂಲಧನವನ್ನು ಬೇಗ ತುಂಬಿಕೊಳ್ಳಲು ಮತ್ತಷ್ಟು ಲಿವರೇಜ್ ಬಳಸಲಾಗುತ್ತದೆ.

ಬೆಲೆ ಏರುತ್ತದೆಯೋ ಇಳಿಯುತ್ತದೆಯೋ ಎಂಬ ಅಂದಾಜು ತಪ್ಪಾಗುವುದೇ ಇಲ್ಲಿನ ಮುಖ್ಯ ಅಪಾಯ ಎಂಬ ನಂಬಿಕೆ ಸಾಮಾನ್ಯವಾಗಿದೆ. ಆದರೆ ಅಂದಾಜು ಸರಿಯಾಗಿದ್ದೂ ಹಣವೆಲ್ಲ ಹೋಗುವ ಸಾಧ್ಯತೆಯೇ ಲಿವರೇಜಿನ ವಿಶೇಷ ಅಪಾಯ. ಮೊಬೈಲ್ ಫೋನಿನ ಮೂಲಕ ಈ ಮಾರುಕಟ್ಟೆ ಈಗ ಮಹಾನಗರಗಳಷ್ಟೇ ಸುಲಭವಾಗಿ ಸಿಂಧನೂರು, ಲಿಂಗಸುಗೂರು, ಮಸ್ಕಿಯಂತಹ ತಾಲ್ಲೂಕು ಕೇಂದ್ರಗಳಿಗೂ ತೆರೆದುಕೊಂಡಿದೆ. ಆದ್ದರಿಂದ ಈ ಭಾಗದ ಓದುಗರಿಗೆ ಪರಿಚಿತವಾದ ಭತ್ತದ ಉದ್ರಿ ವ್ಯಾಪಾರ ಮತ್ತು ಚಿನ್ನದ ಅಡಮಾನಗಳೊಂದಿಗಿನ ಹೋಲಿಕೆಯನ್ನೂ ಈ ಲೇಖನದಲ್ಲಿ ನೀಡಲಾಗಿದೆ.

ಲಿವರೇಜ್ ಕೆಲಸ ಮಾಡುವ ಬಗೆ

ವಹಿವಾಟುದಾರನು ಇಡುವ ಠೇವಣಿಗೆ ಮಾರ್ಜಿನ್ ಎಂದು ಹೆಸರು. 10,000 ರೂಪಾಯಿ ಮಾರ್ಜಿನ್ ಇಟ್ಟು 20 ಪಟ್ಟು ಲಿವರೇಜ್ ಆಯ್ದುಕೊಂಡರೆ 2,00,000 ರೂಪಾಯಿ ಮೌಲ್ಯದ ಬಿಟ್‌ಕಾಯಿನ್ ಒಪ್ಪಂದ ಅವನದಾಗುತ್ತದೆ. ಬೆಲೆ ಶೇ. 5ರಷ್ಟು ಏರಿದರೆ ಲಾಭ 10,000 ರೂಪಾಯಿ, ಅಂದರೆ ಹಾಕಿದ ಹಣ ದುಪ್ಪಟ್ಟು. ಅದೇ ಶೇ. 5ರಷ್ಟು ಇಳಿದರೆ ಹಾಕಿದ ಹಣ ಪೂರ್ತಿ ಹೋಗುತ್ತದೆ. ವಾಸ್ತವದಲ್ಲಿ ಅಷ್ಟು ಇಳಿಯುವವರೆಗೂ ವೇದಿಕೆ ಕಾಯುವುದಿಲ್ಲ. ಪ್ರತಿ ಒಪ್ಪಂದಕ್ಕೂ ಕನಿಷ್ಠ ಇಷ್ಟು ಠೇವಣಿ ಉಳಿದಿರಲೇಬೇಕು ಎಂಬ ನಿರ್ವಹಣಾ ಮಾರ್ಜಿನ್ ನಿಯಮವಿರುತ್ತದೆ. ಠೇವಣಿ ಆ ಮಟ್ಟಕ್ಕೆ ಇಳಿದ ಕ್ಷಣದಲ್ಲೇ ಗಣಕಯಂತ್ರವು ಒಪ್ಪಂದವನ್ನು ತಾನಾಗಿ ಮಾರಿ ಮುಗಿಸುತ್ತದೆ. ಇದನ್ನು ಲಿಕ್ವಿಡೇಷನ್ ಎನ್ನುತ್ತಾರೆ. 20 ಪಟ್ಟು ಲಿವರೇಜಿನಲ್ಲಿ ಇದು ಶೇ. 5ಕ್ಕೆ ಸ್ವಲ್ಪ ಮೊದಲೇ ಸಂಭವಿಸುತ್ತದೆ. 100 ಪಟ್ಟಿನಲ್ಲಿ ಶೇ. 1ಕ್ಕಿಂತ ಕಡಿಮೆ ಇಳಿಕೆಯೇ ಸಾಕು. ಬಿಟ್‌ಕಾಯಿನ್ ಒಂದು ಸಾಧಾರಣ ದಿನದಲ್ಲಿಯೂ ಶೇ. 1ಕ್ಕಿಂತ ಹೆಚ್ಚು ಏರಿಳಿಯುವುದು ಅಪರೂಪವಲ್ಲ. ಹಾಗಾಗಿ 100 ಪಟ್ಟಿನ ಒಪ್ಪಂದವನ್ನು ಹೂಡಿಕೆ ಎನ್ನುವುದಕ್ಕಿಂತ ನಾಣ್ಯ ಚಿಮ್ಮುವ ಆಟ ಎನ್ನುವುದೇ ಹೆಚ್ಚು ಸೂಕ್ತ.

ಮಾರ್ಜಿನ್‌ನಲ್ಲಿ ಎರಡು ಬಗೆಗಳಿವೆ. ಐಸೊಲೇಟೆಡ್ ಬಗೆಯಲ್ಲಿ ಒಂದು ಒಪ್ಪಂದಕ್ಕೆಂದು ಪ್ರತ್ಯೇಕವಾಗಿ ಇಟ್ಟ ಹಣ ಮಾತ್ರ ಅಪಾಯಕ್ಕೊಳಗಾಗುತ್ತದೆ. ಕ್ರಾಸ್ ಬಗೆಯಲ್ಲಿ ಖಾತೆಯಲ್ಲಿರುವ ಅಷ್ಟೂ ಹಣ ಎಲ್ಲ ಒಪ್ಪಂದಗಳಿಗೂ ಜಾಮೀನಾಗಿರುತ್ತದೆ. ಹೊಸಬರು ಈ ವ್ಯತ್ಯಾಸವನ್ನು ಗಮನಿಸದೆ, ಒಂದು ಸಣ್ಣ ಒಪ್ಪಂದದ ನಷ್ಟದಲ್ಲಿ ಇಡೀ ಖಾತೆಯನ್ನು ಕಳೆದುಕೊಳ್ಳುವುದುಂಟು.

ಕ್ರಿಪ್ಟೋ ಲಿವರೇಜಿನ ಬಹುಪಾಲು ಇಂದು ಪರ್ಪೆಚುಯಲ್ ಫ್ಯೂಚರ್ಸ್ ಎಂಬ ಒಪ್ಪಂದಗಳ ರೂಪದಲ್ಲಿದೆ. ಸಾಮಾನ್ಯ ಫ್ಯೂಚರ್ಸ್ ಒಪ್ಪಂದಕ್ಕೆ ಮುಕ್ತಾಯದ ದಿನಾಂಕವಿರುತ್ತದೆ, ಇದಕ್ಕೆ ಇಲ್ಲ. ಇಂತಹ ಒಪ್ಪಂದದ ಕಲ್ಪನೆಯನ್ನು ಯೇಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ರಾಬರ್ಟ್ ಶಿಲ್ಲರ್ 1990ರ ದಶಕದ ಆರಂಭದಲ್ಲಿ ಮುಂದಿಟ್ಟಿದ್ದರು. ಮನೆ, ನಿವೇಶನಗಳಂತೆ ಸುಲಭವಾಗಿ ಮಾರಲಾಗದ ಆಸ್ತಿಗಳ ಬೆಲೆಯ ಅಪಾಯವನ್ನು ಹಂಚಿಕೊಳ್ಳುವುದು ಅವರ ಉದ್ದೇಶವಾಗಿತ್ತು. ಅದನ್ನು 2016ರಲ್ಲಿ ಬಿಟ್‌ಮೆಕ್ಸ್ ಎಂಬ ವೇದಿಕೆ ಬಿಟ್‌ಕಾಯಿನ್‌ಗೆ ಅಳವಡಿಸಿ 100 ಪಟ್ಟಿನವರೆಗೆ ಲಿವರೇಜ್ ನೀಡಿತು. 2019ರಲ್ಲಿ ಫ್ಯೂಚರ್ಸ್ ಆರಂಭಿಸಿದ ಬೈನಾನ್ಸ್ ಅದನ್ನು 125 ಪಟ್ಟಿಗೆ ಏರಿಸಿತು. ಟೀಕೆಗಳು ಹೆಚ್ಚಿದ ಮೇಲೆ 2021ರ ಜುಲೈನಲ್ಲಿ ಎಫ್‌ಟಿಎಕ್ಸ್ ಎಲ್ಲರಿಗೂ, ಬೈನಾನ್ಸ್ ಮೊದಲಿಗೆ ಹೊಸ ಬಳಕೆದಾರರಿಗೆ, ಗರಿಷ್ಠ ಮಿತಿಯನ್ನು 20 ಪಟ್ಟಿಗೆ ಇಳಿಸಿದವು. ಹೋಲಿಕೆಗೆ ಹೇಳುವುದಾದರೆ, ಭಾರತದ ಷೇರುಪೇಟೆಯಲ್ಲಿ 2021ರ ಸೆಪ್ಟೆಂಬರ್‌ನಿಂದ ಪೂರ್ಣವಾಗಿ ಜಾರಿಗೆ ಬಂದ ಸೆಬಿ ನಿಯಮಗಳ ಪ್ರಕಾರ ಒಂದೇ ದಿನದಲ್ಲಿ ಕೊಂಡು ಮಾರುವ ಷೇರು ವಹಿವಾಟಿಗೆ ದಲ್ಲಾಳಿಗಳು ಸುಮಾರು 5 ಪಟ್ಟಿಗಿಂತ ಹೆಚ್ಚು ಲಿವರೇಜ್ ನೀಡುವಂತಿಲ್ಲ.

ಮುಕ್ತಾಯ ದಿನಾಂಕವಿಲ್ಲದ ಒಪ್ಪಂದದ ಬೆಲೆ ನಿಜವಾದ ನಾಣ್ಯದ ಬೆಲೆಯಿಂದ ದೂರ ಸರಿಯದಂತೆ ನೋಡಿಕೊಳ್ಳಲು ಫಂಡಿಂಗ್ ದರ ಎಂಬ ಏರ್ಪಾಡಿದೆ. ಏರಿಕೆಯ ಮೇಲೆ ಪಣವಿಟ್ಟವರು ಹೆಚ್ಚಿದ್ದಾಗ ಅವರು ಇಳಿಕೆಯ ಪಕ್ಷದವರಿಗೆ ಹಣ ಕೊಡಬೇಕು. ಪರಿಸ್ಥಿತಿ ತಿರುಗಿದಾಗ ಇದೂ ತಿರುಗುತ್ತದೆ. ಸಾಮಾನ್ಯವಾಗಿ ಎಂಟು ಗಂಟೆಗೊಮ್ಮೆ ಇದರ ಲೆಕ್ಕ ನಡೆಯುತ್ತದೆ. ಮೇಲಿನ ಉದಾಹರಣೆಯಲ್ಲಿ ದರ ಶೇ. 0.01 ಎಂದು ಭಾವಿಸಿದರೆ, 2,00,000 ರೂಪಾಯಿಯ ಒಪ್ಪಂದಕ್ಕೆ ಪ್ರತಿ ಬಾರಿ 20 ರೂಪಾಯಿ, ದಿನಕ್ಕೆ 60 ರೂಪಾಯಿ, ಮೂವತ್ತು ದಿನಕ್ಕೆ 1,800 ರೂಪಾಯಿ ಆಗುತ್ತದೆ. ಶೇ. 0.01 ಎಂಬುದು ಕೇಳಲು ನಗಣ್ಯ. ಆದರೆ ಬೆಲೆ ಒಂದಿಂಚೂ ಕದಲದಿದ್ದರೂ ಒಂದು ತಿಂಗಳಲ್ಲಿ 10,000 ರೂಪಾಯಿಯ ಮೂಲಧನದಲ್ಲಿ ಶೇ. 18ರಷ್ಟು ಇಲ್ಲವಾಗಿರುತ್ತದೆ.

ಬೆಲೆ ಸಾಗುವ ದಾರಿ

ಲಿವರೇಜ್ ಇಲ್ಲದೆ ನಾಣ್ಯ ಕೊಂಡವನಿಗೆ ಬೆಲೆ ಕೊನೆಗೆ ಎಲ್ಲಿ ನಿಂತಿತು ಎಂಬುದು ಮುಖ್ಯ. ಲಿವರೇಜ್ ಬಳಸಿದವನಿಗೆ ಬೆಲೆ ಅಲ್ಲಿಗೆ ಯಾವ ದಾರಿಯಲ್ಲಿ ಹೋಯಿತು ಎಂಬುದು ಅದಕ್ಕಿಂತ ಮುಖ್ಯ. 2021ರ ಮೇ 19ರ ಘಟನೆ ಇದಕ್ಕೆ ಒಳ್ಳೆಯ ನಿದರ್ಶನ. ಅಂದು ಸುಮಾರು 43,000 ಡಾಲರ್‌ನಲ್ಲಿದ್ದ ಬಿಟ್‌ಕಾಯಿನ್ ಕೆಲವೇ ಗಂಟೆಗಳಲ್ಲಿ 30,000 ಡಾಲರ್ ಸಮೀಪಕ್ಕೆ ಕುಸಿದು, ಅದೇ ದಿನ ಮತ್ತೆ ಸಾಕಷ್ಟು ಚೇತರಿಸಿಕೊಂಡಿತು. ಅದೇ ವರ್ಷದ ನವೆಂಬರ್ 10ರಂದು ಅದು 69,000 ಡಾಲರ್ ಮಟ್ಟವನ್ನು ಮುಟ್ಟಿತು. ಮೇ 19ರ ಬೆಳಗ್ಗೆ 43,000 ಡಾಲರ್‌ಗೆ ಕೊಂಡು ಸುಮ್ಮನಿದ್ದವನು ಆರು ತಿಂಗಳಲ್ಲಿ ಶೇ. 60ರಷ್ಟು ಲಾಭ ಕಾಣಬಹುದಿತ್ತು. ಅದೇ ಬೆಲೆಗೆ, ಅದೇ ನಂಬಿಕೆಯಿಂದ, ನಾಲ್ಕು ಪಟ್ಟು ಲಿವರೇಜಿನಲ್ಲಿ ಕೊಂಡವನ ಠೇವಣಿ ಅಂದೇ ಪೂರ್ತಿ ಮುಗಿದುಹೋಯಿತು. ಇಬ್ಬರ ಅಂದಾಜೂ ಸರಿಯಾಗಿತ್ತು.

ನಷ್ಟದಿಂದ ಚೇತರಿಸಿಕೊಳ್ಳುವ ಗಣಿತವೂ ಅಷ್ಟೇ ಕಠಿಣ. ಮೂಲಧನದಲ್ಲಿ ಶೇ. 50 ಕಳೆದುಕೊಂಡವನು ಮೊದಲಿನ ಸ್ಥಿತಿಗೆ ಬರಲು ಉಳಿದ ಹಣದ ಮೇಲೆ ಶೇ. 100 ಗಳಿಸಬೇಕು, ಶೇ. 80 ಕಳೆದುಕೊಂಡವನು ಶೇ. 400 ಗಳಿಸಬೇಕು. ಪೂರ್ತಿ ಕಳೆದುಕೊಂಡವನಿಗೆ ಯಾವ ಶೇಕಡಾವಾರು ಲಾಭವೂ ಉಪಯೋಗಕ್ಕೆ ಬಾರದು.

ಲಿಕ್ವಿಡೇಷನ್ ವ್ಯಕ್ತಿಯೊಬ್ಬನ ನಷ್ಟಕ್ಕೆ ಸೀಮಿತವಲ್ಲ. ಬಲವಂತದ ಮಾರಾಟ ಬೆಲೆಯನ್ನು ಇನ್ನಷ್ಟು ಇಳಿಸುತ್ತದೆ. ಆ ಇಳಿಕೆ ಮುಂದಿನವನ ಠೇವಣಿಯನ್ನು ಕರಗಿಸುತ್ತದೆ. ಅವನ ಒಪ್ಪಂದವೂ ಮಾರಾಟವಾಗುತ್ತದೆ. ಸಾಲಾಗಿ ನಿಲ್ಲಿಸಿದ ಇಸ್ಪೀಟೆಲೆಗಳು ಒಂದರ ಮೇಲೊಂದು ಬೀಳುವ ಹಾಗೆ ಇದು ಸಾಗುತ್ತದೆ.

ಪ್ರಮುಖ ಕುಸಿತಗಳು

2020ರ ಮಾರ್ಚ್ 12 ಮತ್ತು 13ರಂದು, ಕೋವಿಡ್ ಭೀತಿಯ ನಡುವೆ, ಬಿಟ್‌ಕಾಯಿನ್ ಎರಡು ದಿನಗಳಲ್ಲಿ ತನ್ನ ಮೌಲ್ಯದ ಸುಮಾರು ಅರ್ಧವನ್ನು ಕಳೆದುಕೊಂಡಿತು. ಕುಸಿತದ ನಡುವೆಯೇ ಬಿಟ್‌ಮೆಕ್ಸ್ ಸ್ವಲ್ಪ ಹೊತ್ತು ಸ್ಥಗಿತಗೊಂಡಿತ್ತು. 2022ರಲ್ಲಿ ಮೇ ತಿಂಗಳ ಟೆರ್ರಾ-ಲೂನಾ ಪತನ, ಅದರ ಬೆನ್ನಲ್ಲೇ ಸಾಲದ ಮೇಲೆ ನಿಂತಿದ್ದ ತ್ರೀ ಆರೋಸ್ ಕ್ಯಾಪಿಟಲ್ ನಿಧಿಯ ದಿವಾಳಿ, ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ವೇದಿಕೆಯ ದಿವಾಳಿ ನಡೆದವು. ನುರಿತ ಸಂಸ್ಥೆಗಳೂ ಲಿವರೇಜಿನ ಮುಂದೆ ಸುರಕ್ಷಿತವಲ್ಲ ಎಂಬುದು ಆ ವರ್ಷ ತಿಳಿಯಿತು.

2025ರ ಅಕ್ಟೋಬರ್ 10ರ ಘಟನೆ ಇವೆಲ್ಲಕ್ಕಿಂತ ದೊಡ್ಡದು. ಚೀನಾದ ಸರಕುಗಳ ಮೇಲೆ ಹೆಚ್ಚುವರಿ ಶೇ. 100 ಸುಂಕ ಹೇರುವುದಾಗಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಪ್ರಕಟಿಸಿದ ಕೂಡಲೇ 1,20,000 ಡಾಲರ್ ಆಸುಪಾಸಿನಲ್ಲಿದ್ದ ಬಿಟ್‌ಕಾಯಿನ್ 1,05,000 ಡಾಲರ್ ಸಮೀಪಕ್ಕೆ ಬಿದ್ದಿತು. ಸಣ್ಣ ನಾಣ್ಯಗಳ ಕುಸಿತ ಇದಕ್ಕಿಂತ ಬಹಳ ತೀವ್ರವಾಗಿತ್ತು. ಕಾಯಿನ್‌ಗ್ಲಾಸ್ ಸಂಸ್ಥೆಯ ಅಂಕಿಅಂಶಗಳ ಪ್ರಕಾರ 24 ಗಂಟೆಗಳಲ್ಲಿ 1,900 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ಒಪ್ಪಂದಗಳು ಲಿಕ್ವಿಡೇಷನ್‌ಗೆ ಒಳಗಾದವು. ಹಣ ಕಳೆದುಕೊಂಡ ವಹಿವಾಟುದಾರರ ಸಂಖ್ಯೆ 16 ಲಕ್ಷವನ್ನು ಮೀರಿತ್ತು. ಕುಸಿತದ ತೀವ್ರ ಘಟ್ಟ ಭಾರತೀಯ ಕಾಲಮಾನದಲ್ಲಿ ಅಕ್ಟೋಬರ್ 11ರ ಶನಿವಾರ ಬೆಳಗಿನ ಜಾವ ಎರಡು-ಮೂರು ಗಂಟೆಯ ನಡುವೆ ಬಂದಿತ್ತು. ರಾತ್ರಿ ಲಾಭ ನೋಡಿ ಮಲಗಿದ ಭಾರತೀಯ ಬಳಕೆದಾರನು ಬೆಳಗ್ಗೆ ಎದ್ದಾಗ ಖಾತೆಯಲ್ಲಿ ಏನೂ ಉಳಿದಿರದ ಸ್ಥಿತಿ. ಅಂದು ಕೆಲವು ವೇದಿಕೆಗಳಲ್ಲಿ ಇಳಿಕೆಯ ಮೇಲೆ ಪಣವಿಟ್ಟು ಲಾಭದಲ್ಲಿದ್ದವರ ಒಪ್ಪಂದಗಳನ್ನು ಸಹ ಬಲವಂತವಾಗಿ ಮುಚ್ಚಲಾಯಿತು. ಸೋತವರ ಠೇವಣಿ ಗೆದ್ದವರಿಗೆ ಕೊಡಲು ಸಾಲದಾದಾಗ ವೇದಿಕೆಗಳು ಬಳಸುವ ಈ ಕ್ರಮಕ್ಕೆ ಆಟೊ ಡಿಲಿವರೇಜಿಂಗ್ ಎಂದು ಹೆಸರು.

ಅತಿವಹಿವಾಟು

ಅತಿವಹಿವಾಟಿನ ಹಾನಿ ಸದ್ದಿಲ್ಲದೆ ನಡೆಯುತ್ತದೆ. ಫ್ಯೂಚರ್ಸ್ ಶುಲ್ಕವನ್ನು ಠೇವಣಿಯ ಮೇಲಲ್ಲ, ಒಪ್ಪಂದದ ಪೂರ್ಣ ಮೌಲ್ಯದ ಮೇಲೆ ವಿಧಿಸಲಾಗುತ್ತದೆ ಎಂಬುದನ್ನು ಬಹುತೇಕರು ಗಮನಿಸುವುದಿಲ್ಲ. ಶುಲ್ಕ ಶೇ. 0.05 ಎಂದಿಟ್ಟುಕೊಂಡರೆ, 2,00,000 ರೂಪಾಯಿಯ ಒಪ್ಪಂದ ಕೊಳ್ಳಲು 100, ಮಾರಲು 100, ಒಟ್ಟು 200 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 236 ರೂಪಾಯಿ. ದಿನಕ್ಕೆ ಹತ್ತು ಬಾರಿ ಹೀಗೆ ಕೊಂಡು ಮಾರಿದರೆ 2,360 ರೂಪಾಯಿ. ಅಂದರೆ 10,000 ರೂಪಾಯಿ ಮೂಲಧನದ ಸುಮಾರು ಕಾಲು ಭಾಗ ಒಂದೇ ದಿನದಲ್ಲಿ ಶುಲ್ಕವಾಗಿ ಹೋಗುತ್ತದೆ. ಇಷ್ಟನ್ನು ಪ್ರತಿದಿನ ಗಳಿಸಿಕೊಂಡ ನಂತರವೇ ಅವನ ಮೊದಲ ರೂಪಾಯಿಯ ಲಾಭ ಆರಂಭವಾಗಬೇಕು. ವೇದಿಕೆಯ ಆದಾಯ ಬಳಕೆದಾರನ ಲಾಭವನ್ನಲ್ಲ, ವಹಿವಾಟಿನ ಸಂಖ್ಯೆ ಮತ್ತು ಗಾತ್ರವನ್ನು ಅವಲಂಬಿಸಿದೆ. ಬಹುಮಾನ, ಸ್ಪರ್ಧೆ, ಉಚಿತ ಬೋನಸ್‌ಗಳೆಲ್ಲ ವಹಿವಾಟಿನ ಪ್ರಮಾಣಕ್ಕೆ ಗಂಟುಬಿದ್ದಿರುವುದಕ್ಕೆ ಕಾರಣ ಇದೇ.

ಷೇರುಪೇಟೆಯಲ್ಲಿ ಈ ವಿಷಯವಾಗಿ ಹಳೆಯ ಅಧ್ಯಯನಗಳಿವೆ. ಬ್ರಾಡ್ ಬಾರ್ಬರ್ ಮತ್ತು ಟೆರೆನ್ಸ್ ಓಡೀನ್ ಅವರು 1991ರಿಂದ 1996ರವರೆಗೆ ಅಮೆರಿಕದ 66,465 ಕುಟುಂಬಗಳ ಷೇರು ಖಾತೆಗಳನ್ನು ಪರಿಶೀಲಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಅತಿ ಹೆಚ್ಚು ವಹಿವಾಟು ನಡೆಸಿದ ಕುಟುಂಬಗಳು ವರ್ಷಕ್ಕೆ ಶೇ. 11.4 ಗಳಿಸಿದ್ದವು, ಅದೇ ಅವಧಿಯಲ್ಲಿ ಮಾರುಕಟ್ಟೆಯ ಗಳಿಕೆ ಶೇ. 17.9 ಇತ್ತು. ಬ್ರೆಜಿಲ್‌ನಲ್ಲಿ ಷೇರು ಸೂಚ್ಯಂಕದ ಫ್ಯೂಚರ್ಸ್‌ನಲ್ಲಿ ದಿನವಹಿ ವಹಿವಾಟು ಆರಂಭಿಸಿ 300 ದಿನಗಳಿಗೂ ಹೆಚ್ಚು ಕಾಲ ಮುಂದುವರಿಸಿದವರಲ್ಲಿ ಶೇ. 97 ಮಂದಿ ನಷ್ಟ ಅನುಭವಿಸಿದ್ದನ್ನು ಅಲ್ಲಿನ ಸಂಶೋಧಕರು ದಾಖಲಿಸಿದ್ದಾರೆ. ಅಭ್ಯಾಸದಿಂದ ಕೌಶಲ ಬರುತ್ತದೆ ಎಂಬ ಸಾಮಾನ್ಯ ನಂಬಿಕೆಗೆ ಈ ಅಧ್ಯಯನ ವಿರುದ್ಧವಾಗಿದೆ.

ಕ್ರಿಪ್ಟೋ ಮಾರುಕಟ್ಟೆ ಈ ಪ್ರವೃತ್ತಿಗೆ ಇನ್ನಷ್ಟು ಅನುಕೂಲ ಕಲ್ಪಿಸುತ್ತದೆ. ಭಾರತದ ಷೇರುಪೇಟೆ ಬೆಳಗ್ಗೆ 9.15ಕ್ಕೆ ತೆರೆದು ಮಧ್ಯಾಹ್ನ 3.30ಕ್ಕೆ ಮುಚ್ಚುತ್ತದೆ, ವಾರಾಂತ್ಯದಲ್ಲಿ ರಜೆ. ಕ್ರಿಪ್ಟೋ ಪೇಟೆಗೆ ಬಾಗಿಲೇ ಇಲ್ಲ. ಸೋತವನಿಗೆ ತಲೆ ತಣ್ಣಗಾಗಲು ಬೇಕಾದ ರಾತ್ರಿಯ ಬಿಡುವು ಅಲ್ಲಿ ದೊರೆಯುವುದಿಲ್ಲ. ಕಳೆದದ್ದನ್ನು ಕೂಡಲೇ ಹಿಂಪಡೆಯಲು ಮೊದಲಿಗಿಂತ ದೊಡ್ಡ ಒಪ್ಪಂದಕ್ಕೆ ಇಳಿಯುವುದನ್ನು ವಹಿವಾಟುದಾರರ ಭಾಷೆಯಲ್ಲಿ ಸೇಡಿನ ವಹಿವಾಟು ಎನ್ನುತ್ತಾರೆ. ಮಹಾಭಾರತದ ದ್ಯೂತಪ್ರಸಂಗದಲ್ಲಿ ಪ್ರತಿ ಸೋಲಿನ ನಂತರವೂ ಪಣ ದೊಡ್ಡದಾಗುತ್ತ ಹೋಗುವುದನ್ನು ಬಲ್ಲವರಿಗೆ ಈ ನಡವಳಿಕೆ ಹೊಸದೆನಿಸದು.

ಉದ್ರಿ ವ್ಯಾಪಾರ ಮತ್ತು ಅಡಮಾನದೊಂದಿಗೆ ಹೋಲಿಕೆ

ಸಾಲದ ಬಲದಿಂದ ವ್ಯಾಪಾರ ಮಾಡುವುದು ರಾಯಚೂರು ಜಿಲ್ಲೆಗೆ ಅಪರಿಚಿತವಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ನಾಡಾಗಿ ಬೆಳೆದ ಸಿಂಧನೂರಿನಲ್ಲಿ ಬೀಜ, ಗೊಬ್ಬರ, ಔಷಧಿಗಳನ್ನು ಉದ್ರಿ ತಂದು ಸುಗ್ಗಿಯಲ್ಲಿ ತೀರಿಸುವುದು ವಾಡಿಕೆ. ಭತ್ತವನ್ನು 75 ಕಿಲೊ ಚೀಲದ ಲೆಕ್ಕದಲ್ಲಿ ಕೊಳ್ಳುವ ವ್ಯಾಪಾರಿಯೂ ಸಾಮಾನ್ಯವಾಗಿ ತನ್ನ ಹಣದ ಜತೆಗೆ ಸಾಲವನ್ನೂ ಹೂಡುತ್ತಾನೆ. ಅಂತಹ ವ್ಯಾಪಾರಿಯೊಬ್ಬ ತನ್ನ 1 ಲಕ್ಷಕ್ಕೆ 4 ಲಕ್ಷ ಸಾಲ ಸೇರಿಸಿ 5 ಲಕ್ಷ ರೂಪಾಯಿಯ ಭತ್ತವನ್ನು ಗೋದಾಮಿನಲ್ಲಿ ಇಟ್ಟನೆಂದು ಭಾವಿಸಬಹುದು. ಇದು 5 ಪಟ್ಟು ಲಿವರೇಜ್. ಬೆಲೆ ಶೇ. 20ರಷ್ಟು ಇಳಿದರೆ ಲೆಕ್ಕದ ಪ್ರಕಾರ ಅವನ ಸ್ವಂತ ಬಂಡವಾಳ ಸೊನ್ನೆ. ಆದರೂ ಭತ್ತ ಗೋದಾಮಿನಲ್ಲಿ ಹಾಗೇ ಇರುತ್ತದೆ. ಸಾಲ ಕೊಟ್ಟವನು ಒಂದು ವಾರ, ಕೆಲವೊಮ್ಮೆ ಯುಗಾದಿಯವರೆಗೂ ಕಾಯುತ್ತಾನೆ. ಬೆಲೆ ಚೇತರಿಸಿಕೊಂಡರೆ ವ್ಯಾಪಾರಿ ಉಳಿದುಕೊಳ್ಳುತ್ತಾನೆ. ಬಡ್ಡಿ ಬೆಳೆಯುತ್ತದೆ, ಮನಸ್ತಾಪಗಳಾಗುತ್ತವೆ, ಅದು ಬೇರೆ ಮಾತು. ಕ್ರಿಪ್ಟೋ ಫ್ಯೂಚರ್ಸ್‌ನಲ್ಲಿ ಮಾರಾಟದ ಸಮಯವನ್ನು ನಿರ್ಧರಿಸುವ ಅಧಿಕಾರ ವಹಿವಾಟುದಾರನ ಕೈಯಲ್ಲಿರುವುದಿಲ್ಲ.

ಚಿನ್ನದ ಸಾಲದ ಹೋಲಿಕೆ ಇನ್ನೂ ಸ್ಪಷ್ಟ. ಹಟ್ಟಿ ಚಿನ್ನದ ಗಣಿ ಇರುವುದು ಲಿಂಗಸುಗೂರು ತಾಲ್ಲೂಕಿನಲ್ಲಿ. 1915ರಲ್ಲಿ ಮಸ್ಕಿಯ ಅಶೋಕನ ಶಾಸನವನ್ನು ಪತ್ತೆಮಾಡಿದ ಸಿ. ಬೀಡನ್ ಸಹ ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಆಗಿದ್ದರು. ಚಿನ್ನದ ಸೀಮೆ ಎನಿಸಿದ ಈ ಭಾಗದಲ್ಲೂ ನಾಡಿನ ಇತರೆಡೆಗಳಂತೆ ಕುಟುಂಬದ ಆಪತ್ತಿಗೆ ಒಡವೆ ಅಡವಿಡುವುದು ಸಾಮಾನ್ಯ. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನಗಳು ಎರಡೂವರೆ ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಚಿನ್ನದ ಮೌಲ್ಯದ ಶೇ. 85, ಐದು ಲಕ್ಷ ಮೀರಿದ ಸಾಲಕ್ಕೆ ಶೇ. 75 ಎಂದು ಮಿತಿ ಹಾಕಿವೆ. ಸಾಲ ತೀರದಿದ್ದರೆ ಮೊದಲು ನೋಟಿಸ್ ಕೊಡಬೇಕು, ಅನಂತರ ಬಹಿರಂಗ ಹರಾಜು ನಡೆಸಬೇಕು, ಸಾಲ ಕಳೆದು ಉಳಿದ ಹಣವನ್ನು ಒಡವೆಯ ಮಾಲೀಕನಿಗೆ ಹಿಂದಿರುಗಿಸಬೇಕು. ಲಿಕ್ವಿಡೇಷನ್‌ನಲ್ಲಿ ನೋಟಿಸಿನ ಅವಧಿಯೂ ಇಲ್ಲ, ಹರಾಜಿನ ದಿನವೂ ಇಲ್ಲ. ಮೊಬೈಲಿಗೆ ಬರುವ ಎಚ್ಚರಿಕೆ ಸಂದೇಶ ಅನೇಕ ವೇಳೆ ಎಲ್ಲ ಮುಗಿದ ಮೇಲೆ ತಲುಪುತ್ತದೆ.

ಎರಡೂ ಕೂಡಿದಾಗ ಪರಿಣಾಮ ಬೇರೆಯೇ. ಯಾರಾದರೂ 10,000 ರೂಪಾಯಿ ಮಾರ್ಜಿನ್‌ನಲ್ಲಿ 7,500 ರೂಪಾಯಿಯನ್ನು ಒಡವೆ ಅಡವಿಟ್ಟು ತಂದಿದ್ದರೆ, ಅವರ ಸ್ವಂತ ಹಣ 2,500 ಮಾತ್ರ. ಪರದೆಯ ಮೇಲೆ 20 ಪಟ್ಟು ಎಂದು ಕಾಣುವ ಲಿವರೇಜ್ ವಾಸ್ತವದಲ್ಲಿ 80 ಪಟ್ಟು. ಒಪ್ಪಂದ ಮುಗಿದರೂ ಅಡಮಾನದ ಬಡ್ಡಿ ನಡೆಯುತ್ತಲೇ ಇರುತ್ತದೆ.

ನಿಯಂತ್ರಣದ ವಿಷಯದಲ್ಲಿಯೂ ಒಂದು ವೈಚಿತ್ರ್ಯ ಕಾಣುತ್ತದೆ. ಬೆಲೆ ಏರಿಕೆಯ ಆತಂಕದಿಂದ ತೊಗರಿಯ ಫ್ಯೂಚರ್ಸ್ ವ್ಯಾಪಾರವನ್ನು 2007ರ ಜನವರಿಯಲ್ಲೇ ನಿಷೇಧಿಸಲಾಯಿತು. ಬಾಸ್ಮತಿ ಅಲ್ಲದ ಭತ್ತದ ಫ್ಯೂಚರ್ಸನ್ನು ಸೆಬಿ 2021ರ ಡಿಸೆಂಬರ್ 20ರಂದು ಅಮಾನತುಗೊಳಿಸಿ, ಆ ಅಮಾನತನ್ನು ಅನಂತರ ಹಲವು ಬಾರಿ ವಿಸ್ತರಿಸಿತು. ಹೀಗೆ ಸಿಂಧನೂರಿನ ರೈತ ತಾನೇ ಬೆಳೆದ ಭತ್ತದ ಮುಂದಿನ ಬೆಲೆಯನ್ನು ವಾಯಿದಾ ಪೇಟೆಯಲ್ಲಿ ಕಾಯ್ದಿರಿಸಿಕೊಳ್ಳಲಾಗದ ಕಾಲದಲ್ಲಿ, ಅವನ ಮಗ ಮೊಬೈಲಿನಲ್ಲಿ ಬಿಟ್‌ಕಾಯಿನ್ ಮೇಲೆ 100 ಪಟ್ಟು ಪಣ ಕಟ್ಟುವುದು ಸಾಧ್ಯವಾಯಿತು.

ಭಾರತದ ಕಾನೂನು ಮತ್ತು ತೆರಿಗೆ

ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕ್ ಸೇವೆ ನೀಡದಂತೆ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರಂದು ಹೊರಡಿಸಿದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಪಡಿಸಿತು. ಅನಂತರ ಸರ್ಕಾರ ತೆರಿಗೆಯ ದಾರಿಯನ್ನು ಹಿಡಿಯಿತು. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭದ ಮೇಲೆ ಶೇ. 30 ತೆರಿಗೆ, 2022ರ ಜುಲೈ 1ರಿಂದ ನಿಗದಿತ ಮಿತಿ ಮೀರಿದ ಮಾರಾಟದ ಮೇಲೆ ಶೇ. 1 ಟಿಡಿಎಸ್ ಜಾರಿಗೆ ಬಂದವು. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯಲು ಅವಕಾಶವಿಲ್ಲ. ಮುಂದಿನ ವರ್ಷಕ್ಕೆ ಒಯ್ಯಲೂ ಆಗದು. ಒಂದರಲ್ಲಿ 1 ಲಕ್ಷ ಗಳಿಸಿ ಇನ್ನೊಂದರಲ್ಲಿ 1 ಲಕ್ಷ ಕಳೆದುಕೊಂಡವನು, ಒಟ್ಟಾರೆ ಏನೂ ಗಳಿಸದಿದ್ದರೂ, ಸೆಸ್ ಸೇರಿ 31,200 ರೂಪಾಯಿ ತೆರಿಗೆ ಕಟ್ಟಬೇಕಾಗುತ್ತದೆ. 1 ಲಕ್ಷ ರೂಪಾಯಿಯನ್ನು ಲಾಭನಷ್ಟವಿಲ್ಲದೆ ನೂರು ಬಾರಿ ಕೊಂಡು ಮಾರಿದರೆ, ಪ್ರತಿ ಸಲದ ಶೇ. 1 ಕಡಿತದಿಂದ ಕೈಯಲ್ಲಿ ಉಳಿಯುವುದು ಸುಮಾರು 36,600 ರೂಪಾಯಿ. ಉಳಿದದ್ದನ್ನು ಆದಾಯ ತೆರಿಗೆ ವಿವರ ಸಲ್ಲಿಸಿ ಮರಳಿ ಕೇಳಬಹುದಾದರೂ ಅಲ್ಲಿಯವರೆಗೆ ಆ ಹಣ ಸಿಗದು.

ಅತಿವಹಿವಾಟಿಗೆ ಇದು ಕಡಿವಾಣವಾಗಬೇಕಿತ್ತು. ಆದರೆ ರೂಪಾಯಿಯಲ್ಲಿ ಇತ್ಯರ್ಥವಾಗುವ ಫ್ಯೂಚರ್ಸ್‌ನಲ್ಲಿ ನಾಣ್ಯ ಕೈ ಬದಲಾಗುವುದಿಲ್ಲವೆಂಬ ವ್ಯಾಖ್ಯಾನದಿಂದ ಹಲವು ಭಾರತೀಯ ವೇದಿಕೆಗಳು ಅದಕ್ಕೆ ಟಿಡಿಎಸ್ ಕಡಿತ ಮಾಡುವುದಿಲ್ಲ. ಅದನ್ನೇ ಅನುಕೂಲವೆಂದು ಪ್ರಚಾರ ಮಾಡುವುದೂ ಉಂಟು. ಫಲವಾಗಿ, ನೇರ ನಾಣ್ಯ ಖರೀದಿಗಿಂತ ಹೆಚ್ಚು ಅಪಾಯಕಾರಿಯಾದ ಲಿವರೇಜ್ ವಹಿವಾಟಿನ ಕಡೆಗೆ ಜನ ಸರಿಯಲು ತೆರಿಗೆಯೇ ಒಂದು ಕಾರಣವಾಯಿತು. ಇನ್ನು ಕೆಲವರು ವಿದೇಶಿ ವೇದಿಕೆಗಳಿಗೆ ಹೋದರು. 2023ರ ಮಾರ್ಚ್ 7ರ ಅಧಿಸೂಚನೆಯ ಮೂಲಕ ಕ್ರಿಪ್ಟೋ ಸಂಸ್ಥೆಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹಣಕಾಸು ಗುಪ್ತಚರ ಘಟಕವು ನೋಂದಣಿಯಿಲ್ಲದ ಒಂಬತ್ತು ವಿದೇಶಿ ವೇದಿಕೆಗಳಿಗೆ ನೋಟಿಸ್ ನೀಡಿತು. ಬೈನಾನ್ಸ್‌ಗೆ 2024ರ ಜೂನ್‌ನಲ್ಲಿ 18.82 ಕೋಟಿ ರೂಪಾಯಿ ದಂಡ ಬಿದ್ದಿತು. ಈ ನೋಂದಣಿ ಅಕ್ರಮ ಹಣದ ಮೇಲಿನ ನಿಗಾಕ್ಕೆ ಸಂಬಂಧಿಸಿದ್ದು. ಬಳಕೆದಾರನ ಹಣಕ್ಕಾಗಲಿ ಲಿವರೇಜಿನ ಮಿತಿಗಾಗಲಿ ಅದು ಯಾವ ಭರವಸೆಯನ್ನೂ ನೀಡುವುದಿಲ್ಲ.

ಬೇರೆ ದೇಶಗಳು ನೇರವಾಗಿ ಲಿವರೇಜಿನ ಮೇಲೆಯೇ ಮಿತಿ ಹೇರಿವೆ. ಐರೋಪ್ಯ ಒಕ್ಕೂಟ 2018ರಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುವ ಕ್ರಿಪ್ಟೋ ಸಿಎಫ್‌ಡಿ ಒಪ್ಪಂದಗಳಿಗೆ 2 ಪಟ್ಟಿನ ಮಿತಿ ಹಾಕಿತು. ಜಪಾನ್ 2020ರಲ್ಲಿ ವ್ಯಕ್ತಿಗಳಿಗೆ 2 ಪಟ್ಟಿನ ಮಿತಿ ತಂದಿತು. ಬ್ರಿಟನ್ 2021ರ ಜನವರಿ 6ರಿಂದ ಇಂತಹ ಒಪ್ಪಂದಗಳನ್ನು ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನೇ ನಿಷೇಧಿಸಿತು.

ನಷ್ಟದ ಪ್ರಮಾಣ

ಭಾರತದಲ್ಲಿ ಲಿವರೇಜ್ ವಹಿವಾಟಿನ ಫಲಿತಾಂಶವನ್ನು ವ್ಯಾಪಕವಾಗಿ ಅಳೆದಿರುವುದು ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗದಲ್ಲಿ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಒಂದು ಕೋಟಿಗೂ ಹೆಚ್ಚು ವೈಯಕ್ತಿಕ ವಹಿವಾಟುದಾರರ ಪೈಕಿ ಶೇ. 93 ಮಂದಿ ನಷ್ಟ ಅನುಭವಿಸಿದರು. ಅವರ ಸರಾಸರಿ ನಷ್ಟ ವೆಚ್ಚ ಸೇರಿ ಸುಮಾರು 2 ಲಕ್ಷ ರೂಪಾಯಿ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಸತತ ನಷ್ಟದ ನಂತರವೂ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ವಹಿವಾಟು ಮುಂದುವರಿಸಿದ್ದರು. 2023-24ರಲ್ಲಿ ವಹಿವಾಟುದಾರರ ಪೈಕಿ ಶೇ. 43 ಮಂದಿ ಮೂವತ್ತರ ಒಳಗಿನವರು, ಶೇ. 72ಕ್ಕೂ ಹೆಚ್ಚು ಮಂದಿ ದೇಶದ ಅಗ್ರ 30 ನಗರಗಳ ಹೊರಗಿನವರು. ಇದು ದೊಡ್ಡ ಊರಿನವರ ಚಟ ಎಂಬ ತಿಳಿವಳಿಕೆ ತಪ್ಪೆಂಬುದನ್ನು ಕೊನೆಯ ಅಂಕಿ ತೋರಿಸುತ್ತದೆ. 2025ರ ಜುಲೈನ ಮುಂದುವರಿದ ವರದಿಯಲ್ಲಿ 2024-25ರಲ್ಲಿ ನಷ್ಟ ಹೊಂದಿದವರ ಪ್ರಮಾಣ ಸುಮಾರು ಶೇ. 91, ಒಟ್ಟು ನಿವ್ವಳ ನಷ್ಟ 1,05,603 ಕೋಟಿ ರೂಪಾಯಿ. ಸೆಬಿಯ ಕಣ್ಗಾವಲು, ಬೆಲೆ ಮಿತಿ, ಮುಚ್ಚುವ ಗಂಟೆ ಇವೆಲ್ಲ ಇರುವ ಪೇಟೆಯ ಚಿತ್ರವಿದು. ಕ್ರಿಪ್ಟೋ ಫ್ಯೂಚರ್ಸ್‌ನಲ್ಲಿ ಇವು ಯಾವುವೂ ಇಲ್ಲ.

ವೇದಿಕೆಯ ಅಪಾಯ ಮತ್ತು ವಂಚನೆ

ಮಾರ್ಜಿನ್ ಹಣ ವೇದಿಕೆಯ ವಶದಲ್ಲೇ ಇರುವುದರಿಂದ ವೇದಿಕೆಗೆ ಬಂದ ಕಷ್ಟ ಬಳಕೆದಾರನ ಕಷ್ಟವೂ ಆಗಬಲ್ಲದು. 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ಆಸ್ತಿ ಕಳುವಾಗಿ, ಹಣ ಹಿಂಪಡೆಯುವ ಸೌಲಭ್ಯ ಸ್ಥಗಿತಗೊಂಡಿತು. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್‌ನಿಂದ ಸುಮಾರು 4.4 ಕೋಟಿ ಡಾಲರ್ ಕಳುವಾಗಿ ಬೆಂಗಳೂರಿನಲ್ಲಿ ಪ್ರಕರಣ ದಾಖಲಾಯಿತು. ಆ ಬಾರಿ ನಷ್ಟವನ್ನು ಕಂಪನಿ ತನ್ನ ನಿಧಿಯಿಂದ ಭರಿಸುವುದಾಗಿ ಹೇಳಿತು.

ನಕಲಿ ವೇದಿಕೆಗಳ ಹಾವಳಿ ಇದಕ್ಕಿಂತ ಭಿನ್ನ. ಟೆಲಿಗ್ರಾಂ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಲಾಭದ ಚಿತ್ರಗಳನ್ನು ತೋರಿಸಿ ಒಂದು ಆ್ಯಪ್‌ಗೆ ಸೇರಿಸಲಾಗುತ್ತದೆ. ಅಲ್ಲಿ ಬೆಲೆ, ಲಾಭ, ಲಿಕ್ವಿಡೇಷನ್ ಎಲ್ಲವೂ ವಂಚಕರೇ ಬರೆದ ಅಂಕಿಗಳು. ಮೊದಲ ಬಾರಿ ಸಣ್ಣ ಮೊತ್ತವನ್ನು ಹಿಂದಿರುಗಿಸಿ ನಂಬಿಕೆ ಗಳಿಸುತ್ತಾರೆ. ದೊಡ್ಡ ಮೊತ್ತ ಕೇಳಿದಾಗ ತೆರಿಗೆ, ಶುಲ್ಕ ಎಂದು ಮತ್ತಷ್ಟು ಹಣ ಕಟ್ಟಲು ಹೇಳುತ್ತಾರೆ. ಅಸಲಿ ವೇದಿಕೆ ಶುಲ್ಕವನ್ನು ಇರುವ ಹಣದಲ್ಲೇ ಕಡಿತ ಮಾಡಿಕೊಳ್ಳುತ್ತದೆ. ಹಣ ಹಿಂಪಡೆಯಲು ಮೊದಲು ಹಣ ಕಟ್ಟಬೇಕು ಎಂಬ ಬೇಡಿಕೆಯೇ ವಂಚನೆಯ ಗುರುತು. ವಿದೇಶಿ ವೇದಿಕೆಗಳಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಡಾಲರ್ ನಾಣ್ಯ ಮಾರುವವರ ಬ್ಯಾಂಕ್ ಖಾತೆಗೆ ಯಾರದೋ ಕದ್ದ ಹಣ ಬಂದು, ತನಿಖೆಗಾಗಿ ಖಾತೆಯೇ ಸ್ತಂಭನಗೊಳ್ಳುವ ಪ್ರಕರಣಗಳೂ ನಡೆದಿವೆ.

ಹಣ ಹೋದ ತಕ್ಷಣ ರಾಷ್ಟ್ರೀಯ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗುವ ಮುನ್ನ ಅದನ್ನು ತಡೆಹಿಡಿಯಲು ಮೊದಲ ಕೆಲವು ಗಂಟೆಗಳು ಮುಖ್ಯ. ಕರ್ನಾಟಕದಲ್ಲಿ ಜಿಲ್ಲಾ ಮಟ್ಟದ ಸಿಇಎನ್ ಪೊಲೀಸ್ ಠಾಣೆಗಳು ಸೈಬರ್ ಅಪರಾಧಗಳ ತನಿಖೆ ನಡೆಸುತ್ತವೆ. ದೂರು ನೀಡುವಾಗ ಬ್ಯಾಂಕ್ ವರ್ಗಾವಣೆಯ ಯುಟಿಆರ್ ಸಂಖ್ಯೆ, ಆ್ಯಪ್‌ನ ಹೆಸರು, ಸಂಭಾಷಣೆಯ ಪರದೆಚಿತ್ರಗಳು ಮತ್ತು ನಾಣ್ಯ ಕಳುಹಿಸಿದ ವ್ಯಾಲೆಟ್ ವಿಳಾಸವನ್ನು ಒದಗಿಸಬೇಕಾಗುತ್ತದೆ.